ಗಾಣದ ಕಲ್ಲು ತೇಲಿದ ದಿನ

ಮಲಗಿ ಅಂದರು, ಮಲಗಿದೆವು. ಏಳಿ ಅಂದರು, ಎದ್ದೆವು. ಬೆಳಗಿನಿಂದ ಇದೇ ಆಟ. ಗಾಳಿ ಸರಿಯಿಲ್ಲವಂತೆ. ಆಮೇಲೆ ಗಾಳಿ ಸರಿಹೋಯಿತಂತೆ, ಯಾವುದೋ ಕೊಳವೆ ಸೋರುತ್ತಿದೆಯಂತೆ. ಉಪ್ಪುನೀರಿನ ಆಚೆ ಇರುವ ರಾಕೆಟ್ಟಿನ ಕೇಂದ್ರದಿಂದ ಸೈರನ್ನು ಒಂದು ಸಲ ಕೂಗಿದರೆ ಮಲಗಬೇಕು, ಎರಡು ಸಲ ಕೂಗಿದರೆ ಏಳಬೇಕು. ನಾನೋ ಕೂತಲ್ಲಿ ಕೂರುವ ಹೆಂಗಸಲ್ಲ. ಇವಳು ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಅಂತ ನಮ್ಮತ್ತೆ ಸಾಯುವ ತನಕ ಹೇಳಿದಳು. ಅಂಥವಳನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ ಆಕಾಶ ನೋಡಿಕೊಂಡಿರು ಅಂದರೆ ತಲೆ ಕೆಡದೆ ಇನ್ನೇನಾಗುತ್ತದೆ. ಎರಡನೆಯ ಸಲ ಎಬ್ಬಿಸಿದಾಗ ಕೇಂದ್ರದವರ ವಂಶವನ್ನೆಲ್ಲ ಬಾಯಿಗೆ ಬಂದಂತೆ ಬೈದೆ. ಪಕ್ಕದಲ್ಲಿ ವಾರಿಜ ಮಲಗಿದ್ದಳು, ಅವಳೂ ಕೇಂದ್ರದವಳೇ ಅನ್ನುವುದು ಬೈದು ಮುಗಿಸಿದ ಮೇಲೆ ನೆನಪಾಯಿತು.

ನಮ್ಮೂರಲ್ಲಿ ಹೀಗೆ. ರಾಕೆಟ್ಟು ಹಾರುವಾಗ ಅದರ ಮೈಗೆ ಏನಾಗುತ್ತದೋ ನಮ್ಮ ಮೈಗೂ ಅದೇ ಆಗುತ್ತದೆ. ಅದು ನೆಲ ಬಿಟ್ಟ ಗಳಿಗೆಯಿಂದ ನಮಗೆ ಭಾರ ಏರುತ್ತದೆ. ಮನುಷ್ಯರಿಗೆ ಮಾತ್ರವಲ್ಲ, ಕೊಡಕ್ಕೆ, ಕೋಳಿಗೆ, ಕಲ್ಲಿಗೆ. ಅದಕ್ಕೇ ಇಲ್ಲಿಯ ಮನೆಗಳಿಗೆ ಅಟ್ಟವಿಲ್ಲ, ಗೋಡೆಗೆ ಯಾರೂ ಏನನ್ನೂ ತೂಗುಹಾಕುವುದಿಲ್ಲ. ಸೈರನ್ನು ಕೂಗಿದ ಕೂಡಲೇ ಹೆಂಗಸರು ಓಲೆ ಬಿಚ್ಚಿಡುತ್ತಾರೆ, ಇಲ್ಲದಿದ್ದರೆ ಕಿವಿ ಹರಿಯುತ್ತದೆ. ಮುದುಕರು ಹಲ್ಲಿನ ಸೆಟ್ಟು ತೆಗೆದಿಡುತ್ತಾರೆ. ಬಸುರಿಯರನ್ನೂ ಎದೆನೋವಿನವರನ್ನೂ ಹಿಂದಿನ ದಿನವೇ ಬಸ್ಸು ಹತ್ತಿಸಿ ಸೇತುವೆ ದಾಟಿಸುತ್ತಾರೆ. ಸೇತುವೆಯ ಆಚೆ ಈ ಗೋಳಿಲ್ಲ. ಕೋಳಿಗಳಿಗೆ ಮಾತ್ರ ಯಾರೂ ಹೇಳಬೇಕಾಗಿಲ್ಲ, ಸೈರನ್ನು ಕೇಳಿದರೆ ಸಾಕು, ತಾವೇ ಕಾಲು ಮಡಿಸಿ ಕೂರುತ್ತವೆ.

ಕೊನೆಗೆ ಅದು ಮೇಲೆ ಹೋಗಿ ಮುಟ್ಟುತ್ತದೆ, ಎಂಜಿನ್ನು ಆರುತ್ತದೆ. ಆಗ ಭಾರವೆಲ್ಲ ಪೂರ್ತಿ ಇಳಿದು ಊರಿಗೆ ಊರೇ ತೇಲುತ್ತದೆ. ನಾವು ಅದನ್ನು ತೇಲು ಅಂತಲೇ ಕರೆಯುವುದು. ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು ಅಷ್ಟೆ, ಆಮೇಲೆ ಎಲ್ಲ ಮೆಲ್ಲಗೆ ಇಳಿದು ಎಂದಿನ ತೂಕಕ್ಕೆ ಬರುತ್ತದೆ. ಆ ಹೊತ್ತಿನಲ್ಲಿ ಮಕ್ಕಳು ಕಡಲೆ ಬೆಲ್ಲ ಎಸೆದು ಗಾಳಿಯಲ್ಲೇ ಬಾಯಿ ಹಾಕಿ ತಿನ್ನುತ್ತಾರೆ. ಜನ ತಟ್ಟೆ ಬಡಿಯುತ್ತಾರೆ. ನಮಗೆ ಆ ಸಡಗರಕ್ಕೆಲ್ಲ ಬಿಡುವಿಲ್ಲ, ಯಾಕೆಂದರೆ ಆ ತೇಲಿನಲ್ಲೇ ನಮ್ಮ ಅನ್ನ. ಊರಲ್ಲಿ ಯಾರಿಗೆ ಒರಳು ಸರಿಸಬೇಕೋ, ಕಲ್ಲುಕಂಬ ಎತ್ತಬೇಕೋ, ಬಾವಿಕಟ್ಟೆಯ ಚಪ್ಪಡಿ ತೆಗೆಯಬೇಕೋ, ಎಲ್ಲ ರಾಕೆಟ್ಟಿನ ದಿನಕ್ಕೆ ಇಟ್ಟುಕೊಂಡು ನಮ್ಮನ್ನು ಕರೆಯುತ್ತಾರೆ. ನಾವು ಅಂದರೆ ನಾನು, ನನ್ನ ಗಂಡ ಜವರಯ್ಯ, ನನ್ನ ಮೈದುನ ಸಣ್ಣೀರ. ಹೊರಗಿನವರಿಗೆ ಇದು ಸುಲಭದ ಕೆಲಸ ಅನ್ನಿಸುತ್ತದೆ. ಭಾರ ಹೋದರೂ ಕಲ್ಲಿನ ಹಟ ಹೋಗುವುದಿಲ್ಲ. ತೇಲುವ ಕಲ್ಲು ಹೊರಡುವುದಕ್ಕೂ ಮೊಂಡು, ಹೊರಟ ಮೇಲೆ ನಿಲ್ಲುವುದಕ್ಕೂ ಮೊಂಡು. ಸಣ್ಣೀರನ ಎಡಗೈಯ ಎರಡು ಬೆರಳು ಹೋಗಿದ್ದು ತೇಲುತ್ತಿದ್ದ ಒಂದು ಹೊಸ್ತಿಲುಗಲ್ಲಿಗೆ ಅಡ್ಡ ಕೈ ಕೊಟ್ಟು.

ಈ ಸಲದ ಕೆಲಸ ಗಾಣದ ಮನೆಯ ಹಿತ್ತಲಲ್ಲಿ. ಗಾಣ ನಿಂತು ಕಾಲವಾಗಿತ್ತು, ಎಣ್ಣೆ ಅರೆಯುತ್ತಿದ್ದ ಕಲ್ಲು ಸೊಂಟದ ತನಕ ನೆಲದಲ್ಲಿ ಹೂತು ಕೂತಿತ್ತು. ಸೇತುವೆಯ ಆಚೆ ಯಾರೋ ಹೋಟೆಲಿನವರು ಅದನ್ನು ಅಂಗಳದಲ್ಲಿಟ್ಟು ಹೂವಿನ ಗಿಡ ನೆಡುತ್ತಾರಂತೆ. ಮನೆಯವರ ಸೊಸೆ ಬಸುರಿ, ಹಾಗಾಗಿ ಅವರೆಲ್ಲ ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿದ್ದರು. ನಾವು ಕಲ್ಲಿನ ಸುತ್ತ ಅಗೆದು ಗುಂಡಿ ಮಾಡಿ, ಹಗ್ಗ ಸುತ್ತಿ, ಹಲಗೆ ಸಿದ್ಧ ಮಾಡಿಟ್ಟಿದ್ದೆವು. ತೇಲು ಬಂದ ಕೂಡಲೇ ಒಬ್ಬರು ಗುಂಡಿಗೆ ಇಳಿದು ಕೆಳಗಿನಿಂದ ನೂಕಬೇಕು, ಇಬ್ಬರು ಮೇಲಿನಿಂದ ಹಗ್ಗ ಹಿಡಿದು ದಾರಿ ತೋರಿಸಬೇಕು, ಗುಂಡಿಯ ಬಾಯಿಗೆ ಹಲಗೆ ಅಡ್ಡ ತಳ್ಳಬೇಕು. ಇಳಿಯುವವನು ಯಾವಾಗಲೂ ನನ್ನ ಗಂಡನೇ.

ವಾರಿಜ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ರಾಕೆಟ್ಟಿನ ಕೊನೆಯ ಹಂತದ ಎಂಜಿನ್ನು ಅವಳ ಕೆಲಸ. ಅವಳೊಬ್ಬಳೇ ಮಾಡಿದ್ದಲ್ಲ, ಆದರೆ ಅವಳು ಮಾತಾಡುವುದನ್ನು ಕೇಳಿದರೆ ಹೆತ್ತವಳೇ ಅನ್ನಬೇಕು. ಬೆಳಿಗ್ಗೆ ಕತ್ತಲಲ್ಲಿ ದೋಣಿ ಹತ್ತಿದರೆ ಬರುವುದು ಕತ್ತಲಾದ ಮೇಲೆ, ಬಂದರೂ ಅನ್ನದ ಮುಂದೆ ಕೂತು ಯೋಚನೆ. ಅವಳು ನಮ್ಮೂರಿಗೆ ಬಂದ ಮೇಲೆ ಹಾರುತ್ತಿರುವ ಮೊದಲ ರಾಕೆಟ್ಟು ಇದು. ಹಾರುವ ದಿನ ನಿನಗೆ ಅಲ್ಲಿ ಕೆಲಸ ಇರುವುದಿಲ್ಲವೇ ಅಂತ ನಾನು ಕೇಳಿದ್ದೆ.

"ಅವತ್ತು ಅಲ್ಲಿ ನನಗೆ ಕುರ್ಚಿ ಇಲ್ಲ ತಾಯಕ್ಕ. ಕುರ್ಚಿ ಎಲ್ಲ ದೊಡ್ಡೋರಿಗೆ. ಇದ್ರೂ ನಾನು ಇಲ್ಲಿಗೇ ಬರ್ತಿದ್ದೆ. ನೀರಿನ ಆಚೆ ಭಾರವೂ ಗೊತ್ತಾಗಲ್ಲ, ತೇಲೂ ಗೊತ್ತಾಗಲ್ಲ. ಗೋಡೆ ತುಂಬ ಅಂಕಿ ಓಡ್ತಿರತ್ತೆ ಅಷ್ಟೆ. ನನ್ನ ಎಂಜಿನ್ನು ಹೊತ್ತಿಕೊಂಡಾಗ ಹೇಗಿರತ್ತೆ ಅಂತ ಮೈಯಲ್ಲಿ ತಿಳ್ಕೋಬೇಕು ನನಗೆ. ಅದು ಗೊತ್ತಾಗೋ ಜಾಗ ಲೋಕದಲ್ಲಿ ನಿಮ್ಮೂರು ಒಂದೇ."

"ಅದರಲ್ಲೇನಿದೆ ತಿಳ್ಕೊಳ್ಳೋಕೆ. ಎದೆ ಮೇಲೆ ಎಮ್ಮೆ ಕೂತ ಹಾಗಿರತ್ತೆ."

ಅವಳು ನಕ್ಕಳು. ಆಮೇಲೆ ತಟ್ಟೆಯ ಅಂಚಿನಲ್ಲಿ ಬೆರಳು ಓಡಿಸುತ್ತ ಹೇಳಿದಳು. ಹೊರಟಾಗ ರಾಕೆಟ್ಟಿನ ಮೈಯೆಲ್ಲ ಇಂಧನವೇ ಅಂತೆ. ಉರಿದ ಹಾಗೆಲ್ಲ ಅದು ಹಗುರವಾಗುತ್ತದೆ, ತಳ್ಳುವ ಬಲ ಅಷ್ಟೇ ಇರುತ್ತದೆ, ಅದಕ್ಕೇ ವೇಗ ಏರುತ್ತಾ ಹೋಗುತ್ತದೆ. "ಅದು ಹಗುರ ಆದಷ್ಟೂ ನಿಮಗೆ ಭಾರ," ಅಂದಳು. ಒಂದು ಹಂತ ಉರಿದು ಬರಿದಾದ ಮೇಲೆ ಆ ಖಾಲಿ ಕೊಳವೆಯನ್ನು ಹೊತ್ತುಕೊಂಡು ಏನು ಮಾಡುವುದು, ಕಡಲಿಗೆ ಬಿಸಾಕುತ್ತಾರೆ. ನಮಗೆ ನಡುವೆ ಬರುವ ಬಿಕ್ಕಳಿಕೆ ಅದೇ ಅಂತೆ. ಹುಟ್ಟಿದಾಗಿನಿಂದ ಆ ಬಿಕ್ಕಳಿಕೆಗೆ ಚಾಪೆಯಿಂದ ಒಂದು ಗೇಣು ಹಾರಿ ಬೀಳುತ್ತಿದ್ದೇನೆ, ಯಾಕೆ ಅಂತ ಯಾರೂ ಹೇಳಿರಲಿಲ್ಲ.

"ಮೇಲೆ ಹೋಗಿ ಮುಟ್ಟೋದು ಅಂತೀರಲ್ಲ ತಾಯಕ್ಕ, ಮೇಲೆ ಹೋಗೋದು ದೊಡ್ಡದಲ್ಲ. ಮೇಲೆ ಹೋಗಿದ್ದು ಕೆಳಗೆ ಬೀಳತ್ತೆ. ಅಲ್ಲಿ ಹೋಗಿ ಅಡ್ಡ ಓಡಬೇಕು. ಎಷ್ಟು ಜೋರು ಅಂದ್ರೆ, ಬೀಳ್ತಾ ಬೀಳ್ತಾ ನೆಲ ಕೈಗೆ ಸಿಗಬಾರದು, ಭೂಮಿ ಗುಂಡಗೆ ಬಾಗಿ ಆಚೆ ಹೋಗ್ಬಿಡಬೇಕು. ಆಗ ಸುತ್ತುತಾ ಇರತ್ತೆ."

"ಅಂದ್ರೆ ಮುಟ್ಟಿದ ಮೇಲೂ ಅದು ಬೀಳ್ತಾನೇ ಇರತ್ತಾ."

"ಹೂಂ. ತೇಲು ಅಂತೀರಲ್ಲ, ಅದು ಬೀಳೋದೇ. ನೆಲ ಸಿಗಲ್ಲ ಅಷ್ಟೆ."

ನನಗೆ ಇದು ಹಿಡಿಸಲಿಲ್ಲ. ಬೀಳುವುದಕ್ಕೆ ಇಷ್ಟು ಸಂಭ್ರಮವೇ ಅಂದೆ. ಅವಳು ತಟ್ಟೆ ಸರಿಸಿ ಗಟ್ಟಿ ದನಿಯಲ್ಲಿ ಇನ್ನೊಂದು ಮಾತು ಹೇಳಿದಳು. ಈ ಸಲದ ರಾಕೆಟ್ಟು ಹೊಸ ಥರದ್ದು. ಮೂರನೆಯ ಹಂತ ಮುಗಿದ ಮೇಲೆ ಎಂಜಿನ್ನು ಆರಿಸಿಕೊಂಡು, ಬೇಕಾದ ಎತ್ತರ ಬರುವ ತನಕ ಸುಮ್ಮನೆ ಸಾಗುತ್ತದೆ. ಆಮೇಲೆ ಅವಳ ಎಂಜಿನ್ನು ಹೊತ್ತಿಕೊಂಡು ಅಡ್ಡ ತಳ್ಳುತ್ತದೆ. ಅಂದರೆ ನಮಗೆ ಎರಡು ತೇಲು. "ಮೊದಲನೇ ತೇಲನ್ನ ನಂಬಬೇಡಿ. ಕೇಂದ್ರದಿಂದ ಮೈಕಿನಲ್ಲೂ ಹೇಳಿಸಿದಾರೆ. ನೀವು ಕಲ್ಲು ಎತ್ತೋರು, ನಿಮಗೆ ನಾನು ಬೇರೆ ಹೇಳ್ತಿದೀನಿ. ಕಾಯಬೇಕು."

ನಾನು ಹೋಗಿ ಗಂಡನಿಗೆ ಹೇಳಿದೆ. ಅವನು ಬೀಡಿ ಹಚ್ಚಿಕೊಂಡ. "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ. ಈ ಮೈ ಹೇಳಿದ್ದು ಒಂದು ಸಲನಾದ್ರೂ ಸುಳ್ಳಾಗೈತಾ?"

"ಈ ಸಲ ಆಗ್ತದೆ ಅಂತ ಅವಳು ಹೇಳ್ತಾವ್ಳೆ. ನಾನು ಹೂಂ ಅನ್ನೋಗಂಟ ಗುಂಡಿ ಕಡೆ ಕಾಲು ಹಾಕಬೇಡಿ. ನನ್ನ ಮೇಲೆ ಆಣೆ."

"ಆಯ್ತು ಬಿಡೆ. ನೀನೇ ಕಾಯ್ತೀಯೋ ಇಲ್ವೋ ಅದನ್ನ ಮೊದಲು ನೋಡ್ಕೊ," ಅಂದ. ಅವನು ನನ್ನನ್ನು ರೇಗಿಸದೆ ಒಂದು ಮಾತಾಡಿದ್ದಿಲ್ಲ.

ಹೀಗೆ ನಾವು ನಾಲ್ವರು ಗಾಣದ ಮನೆಯ ಹಿತ್ತಲಲ್ಲಿ ಸಾಲಾಗಿ ಚಾಪೆ ಹಾಸಿಕೊಂಡಿದ್ದೆವು. ಮೊದಲ ಸಲದವರು ಒಬ್ಬರೇ ಮಲಗಬಾರದು ಅನ್ನುವುದು ನಮ್ಮೂರ ಪದ್ಧತಿ, ಅದಕ್ಕೇ ವಾರಿಜಳನ್ನು ನನ್ನ ಪಕ್ಕದಲ್ಲಿ ಹಾಕಿಕೊಂಡಿದ್ದೆ. ಮೂರನೆಯ ಸಲ ಸೈರನ್ನಿಗೆ ಮಲಗಿದಾಗ ನನಗಂತೂ ನಂಬಿಕೆ ಇರಲಿಲ್ಲ. ಎದ್ದು ಹಗ್ಗದ ಗಂಟನ್ನು ಇನ್ನೊಮ್ಮೆ ನೋಡಿ ಬರಲೇ ಅಂತ ಮೊಣಕೈ ಊರಿದೆ. ಊರಿದ ಕೈ ಎತ್ತಲಾಗಲಿಲ್ಲ. ಹೊರಟಿತ್ತು.

ಮೊದಮೊದಲು ಮೈಮೇಲೆ ಒಂದು ಮಗು ಹತ್ತಿ ಕೂತಷ್ಟು. ನೀರಿನ ಆಚೆಯಿಂದ ಸದ್ದು ಬಂದು ತಲುಪುವ ಹೊತ್ತಿಗೆ ಎರಡು ಮಗು. ಆಮೇಲೆ ಮಗುವಲ್ಲ, ದೊಡ್ಡವರು. ಕೆನ್ನೆ ಕಿವಿಯ ಕಡೆಗೆ ಜಾರಿತು, ಉಸಿರನ್ನು ಎಳೆದೆಳೆದು ತರಬೇಕಾಯಿತು. ಹಿತ್ತಲ ನುಗ್ಗೆಮರದ ಒಂದು ಕೊಂಬೆ ಲಟಕ್ಕೆಂದು ಮುರಿದು ಬಿತ್ತು. ತಲೆ ತಿರುಗಿಸಲು ಆಗದಿದ್ದರೂ ಕಣ್ಣಂಚಿನಲ್ಲಿ ವಾರಿಜ ಕಾಣುತ್ತಿದ್ದಳು. ಅವಳ ಕಣ್ಣೀರು ಭಾರಕ್ಕೆ ನೇರ ಕಿವಿಯೊಳಗೆ ಇಳಿಯುತ್ತಿತ್ತು, ತುಟಿ ಮಾತ್ರ ನಗುತ್ತಿತ್ತು.

"ಚೆನ್ನಾಗಿ ಉರೀತಿದೆ," ಅಂದಳು ಕಷ್ಟಪಟ್ಟು.

ಬಿಕ್ಕಳಿಕೆ ಬಂತು. ನಾವೆಲ್ಲ ಚಾಪೆಯಿಂದ ಹಾರಿ ಬಿದ್ದೆವು. ಮತ್ತೆ ಭಾರ, ಇನ್ನೊಂದು ಬಿಕ್ಕಳಿಕೆ, ಮತ್ತೆ ಭಾರ. ನನಗೆ ಕಾಲು ಚುಳುಚುಳು ಅನ್ನುತ್ತಿತ್ತು. ಇದೆಲ್ಲ ಬೇಗ ಮುಗಿಯಬಾರದೇ, ಎದ್ದು ಕೆಲಸ ಹಿಡಿಯಬಾರದೇ ಅಂತ ಒಂದೇ ಧ್ಯಾನ. ಅಷ್ಟರಲ್ಲಿ ಎಲ್ಲ ಭಾರ ಒಮ್ಮೆಗೇ ಕಳಚಿತು.

ತೇಲು. ನೆಲದ ದೂಳು ಎದ್ದು ನಿಂತಿತು. ನನ್ನ ಸೆರಗು ಮುಖದ ಮುಂದೆ ಹರಡಿಕೊಂಡಿತು, ಅದನ್ನು ಸರಿಸುತ್ತ "ಕಾಯಿರಿ, ಇದು ಮೊದಲನೇದು" ಅಂತ ಕೂಗಿದೆ. ಸಣ್ಣೀರ ಅರ್ಧ ಎದ್ದವನು ಕಂಬ ಹಿಡಿದು ನಿಂತ. ನನ್ನ ಕೈ ಕೂಡ ಹಗ್ಗದ ಕಡೆ ಹೋಗಿತ್ತು, ಸುಳ್ಳು ಯಾಕೆ ಹೇಳಲಿ. ಇಂಥ ಉದ್ದದ ತೇಲನ್ನು ನಾನು ಕಂಡೇ ಇರಲಿಲ್ಲ. ಬಂದದ್ದು ಹೋಗಲೇ ಇಲ್ಲ. ನಾಲ್ಕು ಕಲ್ಲು ಎತ್ತಬಹುದಾದ ಹೊತ್ತು ಸುಮ್ಮನೆ ಹಾಳಾಗುತ್ತಿತ್ತು.

ನನ್ನ ಗಂಡ ಆಣೆಯನ್ನು ಮರೆತವನಲ್ಲ, ಅದನ್ನು ನಾನು ಇವತ್ತಿಗೂ ಹೇಳುತ್ತೇನೆ. ಅವನ ಮೈ ಕೇಳಲಿಲ್ಲ. ಇಷ್ಟು ವರ್ಷ ತೇಲು ಬಂದಾಗಲೆಲ್ಲ ನೆಲಕ್ಕೆ ಒಂದು ಒದೆ ಕೊಟ್ಟು ಕಲ್ಲಿನ ಬುಡಕ್ಕೆ ಹೋಗಿ ಅಭ್ಯಾಸವಾದ ಮೈ. ಕಾದು ಕಾದು ಒಂದು ಗಳಿಗೆ ತಡೆಯದೆ ಹೊರಟೇಬಿಟ್ಟಿತು. ನಾನು "ಬೇಡ ಕಣ್ರೀ" ಅನ್ನುವಷ್ಟರಲ್ಲಿ ಅವನು ಗುಂಡಿಯೊಳಗೆ ಇಳಿದು ಬೆನ್ನು ಕೊಟ್ಟಿದ್ದ. ಗಾಣದ ಕಲ್ಲು ಮೊದಲು ಮೊಂಡು ಹಿಡಿಯಿತು, ಆಮೇಲೆ ನಿಧಾನವಾಗಿ, ಕೊಡ ನೀರಿನಿಂದ ಮೇಲೆ ಬರುವ ಹಾಗೆ, ಮೇಲೆದ್ದಿತು.

"ಬಂತು ನೋಡೆ," ಅಂದ ಗುಂಡಿಯೊಳಗಿನಿಂದ. ದನಿಯಲ್ಲಿ ನಗು ಇತ್ತು.

"ಮೇಲೆ ಬನ್ನಿ. ಬಿಟ್ಟು ಬನ್ನಿ ಅದನ್ನ." ಇದು ವಾರಿಜಳ ದನಿ. ಅವಳು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಅವಳು ತೇಲಿಕೊಂಡೇ ಗುಂಡಿಯ ಅಂಚಿಗೆ ಹೋಗಿ ಅವನ ಕೈ ಹಿಡಿದು ಎಳೆದಳು. ಎಳೆಯುತ್ತಿದ್ದಾಗಲೇ ಹೊತ್ತಿಕೊಂಡಿತು.

ದೂಳು ನೆಲಕ್ಕೆ ಕೂತಿತು. ನಮ್ಮ ಕಾಲು ನೆಲಕ್ಕೆ ತಾಗಿದವು. ಎದ್ದಿದ್ದ ಕಲ್ಲು ನಿಂತಿತು, ಓರೆಯಾಯಿತು, ಬಂದ ದಾರಿಯಲ್ಲೇ ಇಳಿಯಿತು. ಇಳಿದು ನನ್ನ ಗಂಡನನ್ನು ಗುಂಡಿಯ ಗೋಡೆಗೆ ಒತ್ತಿ ಎದೆಗೆ ಒರಗಿ ನಿಂತಿತು. ಅವನು ಕೂಗಲಿಲ್ಲ. ಕೂಗಲು ಉಸಿರು ಬೇಕಲ್ಲ.

ನಾನೂ ಸಣ್ಣೀರನೂ ಹಗ್ಗಕ್ಕೆ ಬಿದ್ದೆವು. ಕಲ್ಲಿಗೆ ಇನ್ನೂ ಪೂರ್ತಿ ತೂಕ ಬಂದಿರಲಿಲ್ಲ, ಅರ್ಧವೂ ಇರಲಿಲ್ಲ, ಆದರೂ ಗಾಣದ ಕಲ್ಲು ಗಾಣದ ಕಲ್ಲೇ. ಅಲ್ಲಾಡಲಿಲ್ಲ. ಸಣ್ಣೀರ ಹಾರೆ ತಂದು ಸಂದಿಗೆ ತೂರಿಸಿ ಮೀಟಿದ, ಅಗೆದ ಮಣ್ಣು ಸಡಿಲವಿದ್ದು ಹಾರೆ ಜಾರಿತು. ಅವನು ಬೀದಿಗೆ ಓಡಿ ಜನರನ್ನು ಕರೆದ. ಇಬ್ಬರು ಮೂವರು ಬಂದರು, ಆದರೆ ಗುಂಡಿ ಇಕ್ಕಟ್ಟು, ಇನ್ನೊಬ್ಬರ ಕೈ ಹೋಗಲು ಜಾಗವಿಲ್ಲ. ವಾರಿಜ ಅಂಚಿನಲ್ಲಿ ಮಕಾಡೆ ಮಲಗಿ, ಒಂದು ಕೈಯಲ್ಲಿ ಅವನ ಕೈ ಹಿಡಿದು, ಇನ್ನೊಂದರಿಂದ ಅವನ ಎದೆಯ ಮುಂದಿನ ಮಣ್ಣನ್ನು ಉಗುರಿನಲ್ಲಿ ಕೆರೆದು ತೆಗೆಯುತ್ತಿದ್ದಳು.

"ಎಷ್ಟು ಹೊತ್ತು ಉರೀತದೆ ಇದು?" ಅಂತ ಕೇಳಿದೆ.

"ಇನ್ನೂ ಇದೆ ತಾಯಕ್ಕ."

"ಇನ್ನೂ ಅಂದ್ರೆ."

"ಒಲೆ ಮೇಲೆ ಅಕ್ಕಿ ಬೇಯೋಷ್ಟು. ಉರಿದಷ್ಟೂ ತೂಕ ಏರತ್ತೆ."

ಅನ್ನ ಬೇಯುವಷ್ಟು ಹೊತ್ತು. ನನ್ನ ಗಂಡನ ಮುಖ ಆಗಲೇ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಕಣ್ಣು ನನ್ನ ಕಡೆಯೇ ಇತ್ತು. "ನಿಲ್ಲಿಸು ಅದನ್ನ," ಅಂದೆ.

"ಇಲ್ಲಿಂದ ಆಗಲ್ಲ. ಅಲ್ಲಿರೋರಿಗೂ ಈಗ ಆಗಲ್ಲ."

"ನೀನು ಮಾಡಿದ್ದಲ್ವೇನೆ ಅದು. ಹಾಳಾದ್ದು ನಿನ್ನ ಎಂಜಿನ್ನು, ಅದಕ್ಕೆ ಮಣ್ಣು ಬೀಳ. ಆರಿಹೋಗಲಿ ಅದು, ಈಗಿಂದೀಗ್ಲೇ ಆರಿಹೋಗಲಿ." ಇಷ್ಟೇ ಅಲ್ಲ, ಇನ್ನೂ ಏನೇನೋ ಅಂದೆ. ಹೊಟ್ಟೆಯ ಬೆಂಕಿ ಮಾತಾಡುವಾಗ ಲೆಕ್ಕ ಯಾರು ಇಡುತ್ತಾರೆ.

ವಾರಿಜ ತಲೆ ಎತ್ತಲಿಲ್ಲ. ಮಣ್ಣು ಕೆರೆಯುವುದನ್ನು ನಿಲ್ಲಿಸಲಿಲ್ಲ. "ನಾನೂ ಅದನ್ನೇ ಬೇಡ್ಕೋತಿದೀನಿ ತಾಯಕ್ಕ," ಅಂದಳು.

ನಾನು ಮತ್ತೆ ಹಗ್ಗಕ್ಕೆ ಬಿದ್ದೆ. ತೂಕ ಏರುತ್ತಿತ್ತು, ಮೊಣಕಾಲಿಗೆ ಗೊತ್ತಾಗುತ್ತಿತ್ತು. ಈಗ ಕಲ್ಲಿಗೆ ಎಂದಿನ ಭಾರ ಬಂತು ಅನ್ನಿಸಿತು. ಜವರಯ್ಯನ ಕೈ ವಾರಿಜಳ ಕೈಯಲ್ಲಿ ಸಡಿಲವಾಯಿತು, ಬೆರಳು ಒಂದೊಂದೇ ಬಿಚ್ಚಿಕೊಂಡವು. ಅವನ ಕಣ್ಣು ಈಗ ನನ್ನನ್ನು ನೋಡುತ್ತಿರಲಿಲ್ಲ. ನಾನು ಹಗ್ಗ ಬಿಟ್ಟು ಕಲ್ಲನ್ನೇ ತಬ್ಬಿ ಎಳೆದೆ. ಅಂಥ ಹುಚ್ಚು ಕೆಲಸ ಇನ್ನೊಂದಿಲ್ಲ. ಎಳೆಯುತ್ತಲೇ ಇದ್ದೆ.

ಆಗ ಆರಿತು.

ತಬ್ಬಿಕೊಂಡಿದ್ದ ಕಲ್ಲಿನಿಂದ ತೂಕ ಹೋಗಿದ್ದು ನನ್ನ ತೋಳಿಗೆ ತಿಳಿಯಿತು. ವಾರಿಜ ನನ್ನ ಮುಖ ನೋಡಿದಳು. ಅಷ್ಟು ಬೆಳ್ಳಗಾದ ಮುಖವನ್ನು ನಾನು ಎಲ್ಲೂ ನೋಡಿಲ್ಲ. ಒಂದೇ ಒಂದು ಗಳಿಗೆ. ಆಮೇಲೆ "ಎತ್ತಿ" ಅಂದಳು, ಅವಳೇ ಮೊದಲು ಕೈ ಹಾಕಿದಳು. ನಾವೆಲ್ಲ ಕೂಡಿ ಆ ಕಲ್ಲನ್ನು ಒಂದು ಕಡೆಗೆ ನೂಕಿದೆವು, ಅದು ಹಟ ಮಾಡಿ ಹೊರಟು ಹಿತ್ತಲ ಗೋಡೆಗೆ ಹೋಗಿ ಗುದ್ದಿತು. ಸಣ್ಣೀರ ಅಣ್ಣನ ಕಂಕುಳಿಗೆ ಕೈ ಹಾಕಿ ಮೇಲೆಳೆದ. ಮೇಲೆ ಬಂದವನು ಒಂದು ಸಲ ಕೆಮ್ಮಿದ, ಆಮೇಲೆ ಬಾವಿಯ ರಾಟೆ ಜಗ್ಗಿದ ಹಾಗೆ ಸದ್ದು ಮಾಡಿ ಉಸಿರೆಳೆದ. ನಾನು ಅವನ ತಲೆಯನ್ನು ಮಡಿಲಿಗೆ ತೆಗೆದುಕೊಂಡು ಗೋಳೋ ಅಂತ ಅತ್ತೆ. ಅಳುತ್ತಲೇ ಬೈದೆ. ಅವನ ತುಟಿ ಸ್ವಲ್ಪ ಅಲ್ಲಾಡಿತು, ನಗಲು ನೋಡುತ್ತಿದ್ದ ಅಂತ ಕಾಣುತ್ತದೆ.

ಊರಲ್ಲಿ ತಟ್ಟೆ ಬಡಿಯುವ ಸದ್ದು ಶುರುವಾಗಿತ್ತು. ಬೀದಿಯಲ್ಲಿ ಮಕ್ಕಳ ಕೂಗು, ಗೋಡೆಯ ಮೇಲಿನಿಂದ ಕಡಲೆ ಬೆಲ್ಲ ತೇಲಿ ಬಂತು. "ಮುಟ್ಟಿತು, ಮುಟ್ಟಿತು" ಅನ್ನುತ್ತಿದ್ದರು. ನಮ್ಮ ಜೊತೆಗಿದ್ದವರಲ್ಲಿ ಒಬ್ಬ ಸಣ್ಣೀರನ ಬೆನ್ನು ತಟ್ಟಿ, ಸರಿಯಾದ ಹೊತ್ತಿಗೆ ಮುಟ್ಟಿತು ನೋಡು, ನಿಮ್ಮಣ್ಣನ ಆಯಸ್ಸು ಗಟ್ಟಿ ಅಂದ.

ವಾರಿಜ ಗಾಣದ ಮನೆಯ ಕಂಬ ಹಿಡಿದು ಕೂತಿದ್ದಳು, ಕೂತಿದ್ದಳೆನ್ನುವುದೂ ತಪ್ಪು, ಕಂಬ ಬಿಟ್ಟರೆ ಮೇಲೇಳುವ ಹಾಗಿದ್ದಳು. ತೇಲು ಮುಗಿಯಲಿಲ್ಲ. ಎಲೆಗೆ ಸುಣ್ಣ ಹಚ್ಚುವ ಹೊತ್ತು ಕಳೆಯಿತು, ಅದರ ಎರಡರಷ್ಟು ಕಳೆಯಿತು. ಅಕ್ಕಿ ಬೇಯುವಷ್ಟು ಉರಿಯಬೇಕಾದ್ದು ಅಕ್ಕಿ ತೊಳೆಯುವುದರೊಳಗೆ ಆರಿತ್ತು ಅನ್ನುವುದು ನನಗೆ ಆಗ ಹೊಳೆಯಿತು. ಬೀಳುವುದೂ ಮುಟ್ಟುವುದೂ ಮೈಗೆ ಒಂದೇ ಥರ ಇರುತ್ತದೆ ಅಂತ ಅವಳೇ ಹೇಳಿದ್ದಳಲ್ಲ.

"ಮಗಾ, ಬೀಳ್ತಾ ಇದೆಯಾ?"

"ಹೂಂ." ಅವಳು ಬಾಯಿ ಒರೆಸಿಕೊಂಡಳು, ಕೈಯ ಮಣ್ಣು ಮುಖಕ್ಕಾಯಿತು. "ಅಡ್ಡ ವೇಗ ಸಾಲಲಿಲ್ಲ. ಕೆಳಗೆ ಬಂದು ಗಾಳಿಗೆ ಸಿಕ್ಕಾಗ ಜೋರು ಭಾರ ಬರತ್ತೆ ತಾಯಕ್ಕ. ಹೋಗುವಾಗ ಬಂದಿದ್ದಕ್ಕಿಂತ ಜೋರು. ಎಲ್ಲರನ್ನೂ ಮಲಗಿಸಬೇಕು. ಬೇಗ."

ಊರವರೆಲ್ಲ ಆಗ ಬೀದಿಯಲ್ಲಿ ತೇಲಾಡುತ್ತಿದ್ದರು. ಮಕ್ಕಳು ಸೂರಿನ ಎತ್ತರಕ್ಕೆ ಹೋಗಿದ್ದರು. ನಾನು ಕೂಗಿಕೊಂಡು ಹೊರಡುವಷ್ಟರಲ್ಲಿ ವಾರಿಜ ಕಂಬಕ್ಕೆ ಒದ್ದು ಗೋಡೆಯ ಮೇಲೆ ಹೋಗಿ ನಿಂತಿದ್ದಳು. ಮೂರು ಜನರ ಮುಂದೆ ಬಾಯಿ ಬಿಡಲು ನಾಚುವ ಹುಡುಗಿ. "ಮುಟ್ಟಿಲ್ಲ," ಅಂತ ಕೂಗಿದಳು. "ರಾಕೆಟ್ಟು ಮುಟ್ಟಿಲ್ಲ, ಬೀಳ್ತಿದೆ. ನಮ್ಮ ಎಂಜಿನ್ನು ಆರಿಹೋಯ್ತು. ಮಕ್ಕಳನ್ನ ಕೆಳಗೆ ಎಳ್ಕೊಳ್ಳಿ, ಎಲ್ಲರೂ ಮಲಗಿ." ಮೊದಲು ಯಾರೂ ನಂಬಲಿಲ್ಲ. ಒಬ್ಬ ನಕ್ಕ ಕೂಡ. ಇಂಥ ಉದ್ದದ ತೇಲು ತಂದ ರಾಕೆಟ್ಟನ್ನು ಬಿತ್ತು ಅನ್ನುತ್ತಾಳಲ್ಲ ಅಂತ. ಅಷ್ಟರಲ್ಲಿ ನನ್ನ ಗಂಟಲೂ ಸೇರಿತು, ನನ್ನ ಬೈಗುಳಕ್ಕೆ ಈ ಊರಲ್ಲಿ ಹೆದರದವರಿಲ್ಲ. ಅವಳು ಒಂದು ಕಡೆಯ ಬೀದಿಗೆ, ನಾನು ಇನ್ನೊಂದು ಕಡೆಯ ಬೀದಿಗೆ. ಕಾಲು ಸಿಕ್ಕವರನ್ನು ಕಾಲು ಹಿಡಿದು, ಜುಟ್ಟು ಸಿಕ್ಕವರನ್ನು ಜುಟ್ಟು ಹಿಡಿದು ನೆಲಕ್ಕೆಳೆದೆ. ತಟ್ಟೆಗಳ ಸದ್ದು ಒಂದೊಂದಾಗಿ ನಿಂತಿತು.

ತಿರುಗಿ ಬಂದು ಗಂಡನ ಪಕ್ಕ ಬಿದ್ದುಕೊಂಡೆ. ಸಣ್ಣೀರ ಅವನನ್ನು ಮೆತ್ತನೆ ಮಣ್ಣಿನ ಮೇಲೆ ನೆಟ್ಟಗೆ ಮಲಗಿಸಿದ್ದ. ವಾರಿಜ ಏದುಸಿರು ಬಿಡುತ್ತ ಬಂದು ನನ್ನ ಇನ್ನೊಂದು ಪಕ್ಕ ಮಲಗಿದಳು. ಮೊದಲು ಒಂದು ನಡುಕ ಬಂತು. ಆಮೇಲೆ ಭಾರ. ಅದು ಏರಲಿಲ್ಲ, ಮೇಲಿನಿಂದ ಬಿತ್ತು. ಕಣ್ಣಿಗೆ ಕತ್ತಲೆ ಕಟ್ಟಿತು, ನಾಲಿಗೆ ಗಂಟಲಿಗೆ ಇಳಿಯಿತು, ಎಲ್ಲೋ ಒಂದು ಮನೆಯ ಹೆಂಚು ಸಾಲಾಗಿ ಕುಸಿದವು. ಗಂಡನ ನರಳಾಟ ಒಂದು ಕಿವಿಗೆ ಕೇಳುತ್ತಿತ್ತು. ವಾರಿಜಳ ಕಡೆಯ ಕಿವಿಗೆ ಏನೂ ಕೇಳುತ್ತಿರಲಿಲ್ಲ. ಇನ್ನು ಆಗುವುದಿಲ್ಲ ಅನ್ನುವಾಗ ಅದು ಫಕ್ಕನೆ ಹೋಯಿತು. ಎಂದಿನ ಹಾಗೆ ಮೆಲ್ಲಗಲ್ಲ, ದಾರ ಕತ್ತರಿಸಿದಂತೆ. ನಮ್ಮ ಮೈ ನಮ್ಮ ಮೈಯಷ್ಟೇ ತೂಗಿತು.

"ಚೂರಾಯ್ತು," ಅಂದಳು ವಾರಿಜ, ಆಕಾಶ ನೋಡುತ್ತ.

ಊರಲ್ಲಿ ಒಬ್ಬನಿಗೆ ತೋಳು ಮುರಿದಿತ್ತು, ಒಂದಷ್ಟು ಹೆಂಚು, ಒಂದಷ್ಟು ಕೊಡ. ಜೀವ ಯಾರದೂ ಹೋಗಲಿಲ್ಲ. ಮೂಳೆ ಕಟ್ಟುವ ಸಾಬರು ಬಂದು ನನ್ನ ಗಂಡನ ಎದೆಯನ್ನು ಒತ್ತಿ ನೋಡಿ, ಪಕ್ಕೆಲುಬು ಬಿರುಕು ಬಿಟ್ಟಿದೆ, ಶ್ವಾಸಕೋಶಕ್ಕೆ ಏನೂ ಆಗಿಲ್ಲ ಅಂದರು. ಪಟ್ಟಿ ಸುತ್ತುವಾಗ ಅವನು ಅವರನ್ನೂ ರೇಗಿಸಿದ. ಆಗ ನನಗೆ ಧೈರ್ಯ ಬಂತು.

ಬಿಸಿಲು ಇಳಿಯುವ ಮೊದಲು ಸೇತುವೆಯ ಕಡೆಯಿಂದ ಸುತ್ತಿಕೊಂಡು ಕೇಂದ್ರದ ಜೀಪು ಬಂತು. ವಾರಿಜಳನ್ನು ಕರೆತರಲು ಹೇಳಿದ್ದಾರಂತೆ, ಎಂಜಿನ್ನು ಯಾಕೆ ಆರಿತು ಅಂತ ಎಲ್ಲರೂ ಕೂತು ನೋಡಬೇಕಂತೆ. ಈಗ ಅವಳಿಗೆ ಕುರ್ಚಿ ಇತ್ತು. ಅವಳು ಮುಖ ತೊಳೆದು, ಅದೇ ಮಣ್ಣಿನ ಬಟ್ಟೆಯಲ್ಲೇ ಹೊರಟಳು. ನಾನು ಬಾಗಿಲ ತನಕ ಹೋದೆ. ನಾನು ಅಂದ ಮಾತುಗಳೆಲ್ಲ ನೆನಪಿಗೆ ಬರುತ್ತಿದ್ದವು. ತಪ್ಪಾಯಿತು ಅನ್ನಲೇ ಅಂದರೆ, ತಪ್ಪಾಯಿತು ಅಂತ ಅನ್ನಿಸುತ್ತಿರಲಿಲ್ಲ. ಅದು ಆರಿದ್ದಕ್ಕೇ ನನ್ನ ಗಂಡ ಒಳಗೆ ಬೀಡಿ ಕೇಳುತ್ತಿದ್ದ. ಒಳ್ಳೆಯದಾಯಿತು ಅನ್ನಲೇ ಅಂದರೆ ಅವಳ ಮುಖ ನೋಡಿ ನಾಲಿಗೆ ಹೊರಳಲಿಲ್ಲ.

ಅವಳೇ ತಿರುಗಿದಳು. "ತಾಯಕ್ಕ, ಅದು ಹೊತ್ತಿಕೊಂಡಾಗ ಹೇಗಿತ್ತು?"

"ಯಾಕೆ ಮಗಾ, ನೀನೂ ಇಲ್ಲೇ ಇದ್ದೆಯಲ್ಲ."

"ಇದ್ದೆ. ಜವರಯ್ಯನೋರ ಕೈ ಹಿಡಿದಿದ್ದೆ. ಅವರ ಬೆರಳು ಅಲ್ಲಾಡತ್ತಾ ಇಲ್ವಾ ಅಂತ ಅದನ್ನೇ ನೋಡ್ತಿದ್ದೆ. ಬೇರೆ ಏನೂ ಗೊತ್ತಾಗಲಿಲ್ಲ ನನಗೆ. ಎಷ್ಟು ಹೊತ್ತು ಉರಿಯಿತೋ ಅಷ್ಟು ಹೊತ್ತೂ ಗೊತ್ತಾಗಲಿಲ್ಲ."

ನಾನು ಆ ಎಂಜಿನ್ನನ್ನು ಶತ್ರುವನ್ನು ನೋಡುವ ಹಾಗೆ ನೋಡಿದವಳು. ಅದರ ಒಂದೊಂದು ಗಳಿಗೆಯೂ ನನ್ನ ಮೊಣಕಾಲಲ್ಲಿ, ತೋಳಲ್ಲಿ, ಹಲ್ಲಲ್ಲಿ ಇತ್ತು. ಈ ಊರಲ್ಲಿ ಅದನ್ನು ನನ್ನಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ.

"ಒಂದು ಚೂರೂ ಅದುರಲಿಲ್ಲ," ಅಂದೆ. "ಬೇರೆಯವು ಹೊತ್ಕೊಂಡಾಗ ಹಿಂದಿನಿಂದ ಯಾರೋ ಗುದ್ದಿದ ಹಾಗಿರತ್ತೆ. ಇದು ಬಂದಿದ್ದೇ ಗೊತ್ತಾಗಲಿಲ್ಲ, ಬಂದಾಗಿತ್ತು. ಎಳೆದಾಡಲಿಲ್ಲ, ತಡವರಿಸಲಿಲ್ಲ. ಒಂದೇ ಸಮ ತಳ್ತು. ಇಷ್ಟು ವರ್ಷದಲ್ಲಿ ಅಷ್ಟು ನೇರವಾಗಿ ತಳ್ಳಿದ್ದನ್ನ ನಾನು ಕಂಡಿಲ್ಲ."

"ನಿಜವಾಗಲೂನಾ?"

"ನಿನ್ನ ಹತ್ರ ಸುಳ್ಳು ಹೇಳಿ ನನಗೇನಾಗಬೇಕು. ಅದು ನನ್ನ ಗಂಡನ ಎದೆ ಮೇಲೆ ಕೂತಿತ್ತು."

ಅವಳು ನನ್ನ ಹೆಗಲಿಗೆ ಮುಖ ಒತ್ತಿದಳು. ಬೆಳಗಿನಿಂದ ತಡೆದಿದ್ದೆಲ್ಲ ಆಗ ಬಂತು, ನನ್ನ ರವಿಕೆ ತೋಯುವಷ್ಟು ಬಂತು. ಜೀಪಿನವನು ಹಾರನ್ನು ಹೊಡೆದ. ಇನ್ನೊಂದು ಸಲ ಹೊಡೆದ.

ಸ್ವಲ್ಪ ಕಾಯಪ್ಪ ಅಂದೆ.